ಸುಂಕದ ಕಟ್ಟೆ

ಗ್ರಿಮ್ಸ್‌ಬಿಯ ಮೀನು ಮಾರುಕಟ್ಟೆ, ಮೇಲ್ಮಹಡಿ.
ಕೆಳಗೆ ಪೆಟ್ಟಿಗೆಗಳಿಗೆ ಐಸು ಸುರಿಯುವ ಸದ್ದು,
ಮೇಲೆ ನಾನು, ಒಂದು ಹೀಟರು, ನಿನ್ನೆಯ ಚಹದ ಲೋಟ.
ಬೆಳಗಿನ ಜಾವ ಮೂರೂವರೆ.

ಹೋದ ಅಕ್ಟೋಬರಿನಲ್ಲಿ ಯಾರೋ
ಬಿಲ್ಲು ಬಂತೆಂದು ಬಿಚ್ಚಿದ್ದರು.
ನಾಲ್ಕು ದಿನ ತಕ್ಕಡಿಗಳಿಗೆ ಮಾತು ಬಿದ್ದುಹೋಯಿತು.
ಹ್ಯಾಡಕ್ ಮೀನಿನ ತೂಕವನ್ನು ಗ್ಲೆನಿಸ್
ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು,
ಒದ್ದೆ ಕೈ ತಾಗಿ ಅಳಿಸಿತು, ಮತ್ತೆ ಬರೆದಳು.
ಆಮೇಲೆ ನನ್ನನ್ನು ಕರೆಸಿದರು:
ಇಮೇಲಿಗೊಂದು ಬಾಗಿಲು ಕಟ್ಟಿಕೊಡಿ.

ಕಟ್ಟಿದೆ. ಬಾಗಿಲಲ್ಲ, ಸುಂಕದ ಕಟ್ಟೆ.
ಬರುವ ಪ್ರತಿ ಓಲೆಯ ಕಂಕುಳಲ್ಲಿ ಏನಿದೆ, ನೋಡು.
ಎಕ್ಸ್‌ಇ ಬಂದರೆ ಅಲ್ಲೇ ಹೂತುಬಿಡು.
ಪಿಡಿಎಫ್ ಎಂದು ಹೆಸರು ಹೇಳಿ
ಬಾಲದಲ್ಲಿ ಇನ್ನೊಂದು ಹೆಸರು ಮಡಚಿಟ್ಟುಕೊಂಡವನ
ಹೆಸರು ಕೇಳಬೇಡ, ಹಲ್ಲು ಎಣಿಸು.
ಜಿಪ್ ಗಂಟಾದರೆ ಬಿಚ್ಚು, ಗಂಟಿನೊಳಗಿನ ಗಂಟನ್ನೂ ಬಿಚ್ಚು,
ಐದನೆಯದಕ್ಕೆ ಸಾಕು ಮಾಡು,
ಅದು ನಿನ್ನನ್ನು ದಣಿಸಲೆಂದೇ ಕಟ್ಟಿದ್ದು.
ಬೀಗ ಹಾಕಿದ್ದರೆ ಪಕ್ಕಕ್ಕೆ ಕೂರಿಸು.
ಮ್ಯಾಕ್ರೋ ಹೊತ್ತ ಲೆಕ್ಕದ ಹಾಳೆ, ಪಕ್ಕಕ್ಕೆ.
ಯಾರದೇ ಆಗಲಿ, ಪಕ್ಕಕ್ಕೆ.

ಮೊದಲ ರಾತ್ರಿಯೇ ಸಿಕ್ಕಿಬಿದ್ದವನು ಫಿನ್ಲೆ ಸ್ವಾನ್ಸನ್.
ಸ್ಕಾಟ್ಲೆಂಡಿನ ಬಡಗಣ ತುದಿ, ಸ್ಕ್ರಾಬ್‌ಸ್ಟರ್ ಬಂದರು.
ಇಪ್ಪತ್ತೊಂದು ವರ್ಷದಿಂದ ಅದೇ ಹಾಳೆ, ಅದೇ ಹೊತ್ತು:
ಯಾವ ದೋಣಿ, ಯಾವ ಮೀನು, ಎಷ್ಟು ಪೆಟ್ಟಿಗೆ,
ಲಾರಿ ಎಷ್ಟಕ್ಕೆ ಹೊರಟಿತು.
ಫೋನು ಮಾಡಿದ. ದನಿಯ ಹಿಂದೆ ಗಾಳಿ.
"ಹಾಳೆ ಮುಟ್ಟಿಲ್ಲವಂತೆ?"
ಮ್ಯಾಕ್ರೋ ತೆಗೆದು ಕಳಿಸಿ, ಅಂದೆ.
"ಅದು ನಾನೇ ಬರೆದದ್ದು."
ಎಲ್ಲರೂ ಹಾಗೇ ಅನ್ನುತ್ತಾರೆ, ಅಂದೆ.
ತುಂಬ ಹೊತ್ತು ಸುಮ್ಮನಿದ್ದ.
"ಆಯಿತು, ನೋಡಿಕೊಳ್ಳಿ" ಎಂದು ಇಟ್ಟ.

ನೋಡಿದೆ. ನನ್ನ ಕೆಲಸವೇ ಅದು.
ಹೊರಲೋಕದ ತಂತಿ ಕಿತ್ತ ಯಂತ್ರದಲ್ಲಿ ಹಾಳೆಯನ್ನು ಮಲಗಿಸಿ
ಹೊಟ್ಟೆ ಸೀಳಿದೆ, ಕೆಳಗೆ ಅವರು ಕಾಡ್ ಮೀನು ಸೀಳುವ ಹಾಗೆ.
ಹಳೆಯ ಕೋಡು. ಅಲ್ಲಲ್ಲಿ ಕಾಗುಣಿತ ತಪ್ಪು.
ಐಸಿನ ಭಾರ ಕಳೆಯುವ ಒಂದು ಲೆಕ್ಕ,
ಭಾನುವಾರ ಬಿಟ್ಟುಬಿಡುವ ಒಂದು ಲೆಕ್ಕ,
ಎಲ್ಲಕ್ಕೂ ಕೆಳಗೆ ಒಂದು ಅಪ್ಪಣೆ:
ಹನ್ನೆರಡನೆಯ ಸಾಲು ತುಂಬು, ಆಮೇಲೆ ಮುಚ್ಚು.

ಮುಚ್ಚಿಟ್ಟ ಸಾಲು!
ಇಂಥದ್ದಕ್ಕೇ ಅಲ್ಲವೆ ಕಟ್ಟೆ ಕಟ್ಟಿದ್ದು.
ಬಿಡಿಸಿದೆ.

ದೋಣಿ: ಮೊರಾಗ್.
ಆಳು: ಮೂರು.
ಪೆಟ್ಟಿಗೆ: ಸೊನ್ನೆ.
ಸ್ಥಿತಿ: ಬರಬೇಕು.

ಬ್ಯಾಕಪ್ಪಿನಿಂದ ಹಳೆಯ ಹಾಳೆಗಳನ್ನು ಎಳೆದೆ.
ಕೈಗೆ ಸಿಕ್ಕಿದ್ದರಲ್ಲೆಲ್ಲ ಇತ್ತು.
ದಿನಾಂಕ ಮಾತ್ರ ಆಯಾ ದಿನದ್ದು.

ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಅವನು ಹೇಳಲಿಲ್ಲ.
ಗಂಟು ಬಿಚ್ಚಿದ್ದು ನಾನು.

ಈಗ ಬಿಡುವುದು ಹೇಗೆ?
ವಿಳಾಸ ನಂಬೋಣವೆಂದರೆ
ವಿಳಾಸ ಯಾರು ಬೇಕಾದರೂ ಬರೆದುಕೊಳ್ಳಬಹುದು.
ಹಾಳೆಯ ಹೆಬ್ಬೆಟ್ಟು ಹಿಡಿಯೋಣವೆಂದರೆ
ದಿನ ಕಳೆದಂತೆ ಹಾಳೆಯೂ ಬೇರೆ, ಹೆಬ್ಬೆಟ್ಟೂ ಬೇರೆ.
ಕೋಡು ಮಾತ್ರ
ಇಪ್ಪತ್ತೊಂದು ವರ್ಷದಲ್ಲಿ ಒಂದಕ್ಷರ ಕದಲಿಲ್ಲ.
ಅದರ ಗುರುತನ್ನೇ ಬರೆದೆ: ಇದೊಂದನ್ನು ಬಿಡು,
ಕಾಮಾ ಬದಲಾದರೂ ಹಿಡಿ.

ಪರದೆ ಕೇಳಿತು: ವಿನಾಯಿತಿಗೆ ಕಾರಣ?
ಖಾಲಿ ಬಿಡುವಂತಿಲ್ಲ. ಆ ನಿಯಮವೂ ನನ್ನದೇ.
ಕೈ ಉಜ್ಜಿಕೊಂಡೆ. ಹೀಟರು ಟಕ್ಕೆಂದಿತು.
"ವ್ಯವಹಾರದ ಅಗತ್ಯ" ಎಂದು ಬರೆದು ಉಳಿಸಿದೆ.

ನಾಲ್ಕೂ ಹತ್ತಕ್ಕೆ ಹಾಳೆ ಕೆಳಗಿಳಿಯಿತು.
ಮೆಟ್ಟಿಲ ಬುಡದಿಂದ ಗ್ಲೆನಿಸ್ ಕೂಗಿದಳು,
"ಸ್ವಾನ್ಸನ್ನದು ಬಂತು! ಹನ್ನೊಂದು ದೋಣಿ, ಸರಿಯಾ?"

ಸರಿ, ಅಂದೆ.